ಪದಚರ್ಚೆ: ಹಳೆಯ ಕುರ್ಚಿಗಳ ‘ರೆಸ್ಟೋರೇಶನ್’ಗೆ ಫಲಕದ ಮೇಲೆ ಏನೆಂದು ಬರೆಸುವುದು?

ಚಿಕ್ಕಮಗಳೂರಿನಿಂದ:

ಮಾನ್ಯರೇ,

ಬರುವ ಶುಕ್ರವಾರದೊಳಗೆ ನನಗೆ ಎರಡು ಪದಗಳು ಬೇಕಾಗಿವೆ. ಬಸವನಹಳ್ಳಿಯಲ್ಲಿ ಬಾಡಿಗೆಗೆ ಹಿಡಿದಿರುವ ಸಣ್ಣ ಮಳಿಗೆಯಲ್ಲಿ ಹಳೆಯ ಕುರ್ಚಿ, ಮೇಜು, ಬೀರುಗಳನ್ನು ಕೊಂಡು ಸರಿಪಡಿಸಿ ಮಾರುತ್ತೇನೆ. ತಂದುಕೊಟ್ಟವರಿಗೆ ಸರಿಪಡಿಸಿಯೂ ಕೊಡುತ್ತೇನೆ. ಹೆಚ್ಚಿನ ಸಾಮಾನು ಮೂಡಿಗೆರೆ, ಸಕಲೇಶಪುರದ ಕಡೆಯ ಕಾಫಿ ತೋಟದ ಬಂಗಲೆಗಳದು. 1950–60ರ ದಶಕಗಳಲ್ಲಿ ತೇಗದಲ್ಲೋ ಬೀಟೆಯಲ್ಲೋ ಮಾಡಿಸಿದ, ಕೆಳಕ್ಕೆ ಹೋದಂತೆ ಸಣ್ಣಗಾಗುವ ಓರೆ ಕಾಲುಗಳ, ಕೆತ್ತನೆಯಿಲ್ಲದ ಬೆನ್ನಿನ, ಬೆತ್ತ ಹೆಣೆದ ಆಸನದ ಈ ಕುರ್ಚಿಗಳನ್ನು ಇಂಗ್ಲಿಷಿನವರು ‘ಮಿಡ್-ಸೆಂಚುರಿ ಮಾಡರ್ನ್’ ಎನ್ನುತ್ತಾರೆ. ಪ್ರತಿ ಕುರ್ಚಿಗೆ ಕಟ್ಟುವ ಚೀಟಿಯ ಮೇಲೆ ಇದಕ್ಕೊಂದು ಕನ್ನಡ ಪದ ಬೇಕು. ಇನ್ನೊಂದು ಪದ ಬೇಕಾಗಿರುವುದು ಬಾಗಿಲ ಮೇಲಿನ ಫಲಕಕ್ಕೆ. ಅದು ‘ರೆಸ್ಟೋರೇಶನ್’ ಎಂಬ ಕೆಲಸವನ್ನು ಹೇಳಬೇಕು.

ಈಗಿರುವ ಫಲಕದಲ್ಲಿ ‘ಪೀಠೋಪಕರಣಗಳ ನವೀಕರಣ ಕೇಂದ್ರ’ ಎಂದಿದೆ. ಇದರಿಂದ ಆಗಿರುವ ತೊಂದರೆಯನ್ನು ಹೇಳಿದರೆ ನನಗೆ ಬೇಕಾದುದು ಏನೆಂದು ತಮಗೆ ತಿಳಿಯುತ್ತದೆ. ಬರುವವರೆಲ್ಲರೂ ಬೆತ್ತ ಕಿತ್ತು ಫೋಮ್ ಹಾಕಿ, ರೆಕ್ಸಿನ್ ಹೊಲಿಸಿ, ಮೆಲಮೈನ್ ಹೊಡೆದು ಕನ್ನಡಿಯ ಹಾಗೆ ಹೊಳೆಸಿ ಎಂದು ಕೇಳುತ್ತಾರೆ. ನಾನು ಮಾಡುವುದು ಅದರ ವಿರುದ್ಧದ ಕೆಲಸ. ಕೀಲುಗಳಲ್ಲಿ ಒಣಗಿ ಪುಡಿಯಾದ ಹಳೆಯ ಮರವಜ್ರದ ಅಂಟನ್ನು ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಮೆದುವಾಗಿಸಿ ಕೆರೆದು ತೆಗೆದು, ಅದೇ ಕೀಲನ್ನು ಮತ್ತೆ ಕೂರಿಸುತ್ತೇನೆ. ಅರಗಿನ ಪಾಲಿಶ್ ಸ್ಪಿರಿಟ್ಟಿನಲ್ಲಿ ಕರಗುವುದರಿಂದ ಹೊಸ ಲೇಪವು ಹಳೆಯದರೊಳಗೇ ಬೆರೆತುಕೊಳ್ಳುತ್ತದೆ. ಹಳೆಯದನ್ನು ಪೂರ್ತಿ ಉಜ್ಜಿ ತೆಗೆಯಬೇಕಾಗುವುದಿಲ್ಲ. ಕಳೆದ ತಿಂಗಳು ಬಂದ ಒಂದು ಕುರ್ಚಿಯ ಹಿಂಗಾಲಿನ ಒಳಮೈಯಲ್ಲಿ ಯಾವುದೋ ಕಚೇರಿಯವರು ಬಿಳಿ ಬಣ್ಣದಲ್ಲಿ ಬರೆಸಿದ್ದ ಸಂಖ್ಯೆ ಇತ್ತಂತೆ. ನನಗಿಂತ ಮೊದಲು ಅದನ್ನು ‘ನವೀಕರಿಸಿದ’ವರು ಸ್ಯಾಂಡ್‌ಪೇಪರಿನಲ್ಲಿ ಅಳಿಸಿಬಿಟ್ಟಿದ್ದರು, ನನಗೆ ಸಿಕ್ಕಿದ್ದು ಒಂದು ಏಳರ ಬಾಲ ಮಾತ್ರ.

‘ಜೀರ್ಣೋದ್ಧಾರ’, ‘ದುರಸ್ತಿ’, ‘ಪುನರುಜ್ಜೀವನ’ ಇವುಗಳಲ್ಲಿ ಯಾವುದು ಸೂಕ್ತ, ಅಥವಾ ಬೇರೆ ಪದವಿದೆಯೇ ಎಂದು ತಿಳಿಸಬೇಕಾಗಿ ಕೋರುತ್ತೇನೆ.

ಬೆಂಗಳೂರಿನಿಂದ:

ತಾವು ಕೊಟ್ಟಿರುವ ಮೂರರಲ್ಲಿ ಎರಡು ಸಂಸ್ಕೃತ, ಒಂದು ಪಾರಸಿ. ಮೂರೂ ಬೇಡ.

ಕನ್ನಡದಲ್ಲಿ ‘ಒಪ್ಪ’ ಎಂಬ ಪದವಿರುವುದನ್ನು ಈ ಬಳಗವೂ ಮರೆತಿರುವುದು ವಿಷಾದದ ಸಂಗತಿ. ಹಳಗನ್ನಡದಲ್ಲಿ ಅದಕ್ಕೆ ಹೊಳಪು, ಚೆಲುವು ಎಂಬ ಅರ್ಥವಿದೆ. ‘ಒಪ್ಪವಿಡು’ ಎಂದರೆ ಹೊಳಪು ಕೊಡು. ಇಂದಿಗೂ ‘ಒಪ್ಪ ಓರಣ’ ಎನ್ನುತ್ತೇವೆ. ಮರದ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಪದ ಇನ್ನೊಂದಿಲ್ಲ. ಆದ್ದರಿಂದ ಫಲಕದ ಮೇಲೆ ‘ಒಪ್ಪಮಾಡುಗೆ’ ಎಂದಿರಲಿ. ಕುರ್ಚಿ ಎಂಬುದೂ ಅರಬ್ಬಿಯಿಂದ ಬಂದದ್ದಾದ್ದರಿಂದ ‘ಒರಗುಮಣೆ’ ಎಂದು ಬರೆಸಿ. ಮೇಜನ್ನು ಪೋರ್ಚುಗೀಸರು ಬಿಟ್ಟುಹೋದರು, ಅದನ್ನೂ ಬಿಡಬಹುದು. ಚೀಟಿಯ ಮೇಲೆ ‘ನಡುನೂರೇಡಿನ ಹೊಸಬಗೆ’ ಎಂದರೆ ಸಾಕು. ಅರ್ಥವಾಗುವುದಿಲ್ಲ ಎನ್ನುವವರು ಬಳಸದೆ ಇರುವುದರಿಂದಲೇ ಅರ್ಥವಾಗುತ್ತಿಲ್ಲ.

ಹಾಸನದಿಂದ:

ಮಾನ್ಯರೇ, ‘ಒಪ್ಪ’ದ ಹಳಗನ್ನಡದ ಅರ್ಥದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಫಲಕವನ್ನು ಓದುವವರು ಪಂಪನ ಕಾಲದವರಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ‘ಒಪ್ಪ ಮಾಡಿದರು’ ಎಂದರೆ ಹೆಣವನ್ನು ಮಣ್ಣು ಮಾಡಿದರು ಎಂದೇ ತಿಳಿಯುತ್ತಾರೆ. ‘ಹಳೆಯ ಒರಗುಮಣೆಗಳ ಒಪ್ಪಮಾಡುಗೆ’ ಎಂಬುದನ್ನು ಓದಿದವರು ಕುರ್ಚಿ ಹೊತ್ತು ತರುವ ಬದಲು ಹಾರ ಹಿಡಿದು ಬಂದರೆ ಅವರನ್ನು ದೂರುವಂತಿಲ್ಲ. ಇನ್ನು ಮಣೆಯೆಂದರೆ ಊಟಕ್ಕೆ ಕೂರುವಾಗ ಹಾಕುವುದು, ಈಳಿಗೆಯ ಕೆಳಗಿರುವುದು, ಕಾಯಿ ತುರಿಯುವುದು. ಅದಕ್ಕೆ ಒರಗುವ ಬೆನ್ನನ್ನು ಅಂಟಿಸಿದ ಮಾತ್ರಕ್ಕೆ ಕುರ್ಚಿಯಾಗದು.

ಮೇಜಿನ ವಿಷಯದಲ್ಲಿ ತಾವು ಹೇಳಿದ ಮೂಲವೂ ಸರಿಯಲ್ಲ. ಪೋರ್ಚುಗೀಸಿನ ‘ಮೆಸಾ’ದಿಂದ ಬಂದಿದ್ದರೆ ತಮಿಳಿನ ‘ಮೇಸೈ’, ಮಲಯಾಳದ ‘ಮೇಶ’ಗಳ ಹಾಗೆ ನಮ್ಮಲ್ಲಿಯೂ ಸಕಾರವೋ ಶಕಾರವೋ ಉಳಿಯಬೇಕಿತ್ತು. ನಮ್ಮ ಜಕಾರ ಪಾರಸಿಯ ‘ಮೇಜ್’ನಿಂದ, ದಖನಿಯ ದಾರಿಯಲ್ಲಿ ಬಂದದ್ದು. ಪೋರ್ಚುಗೀಸಿನದು ಬೇಕೆಂದರೆ ‘ಅಲಮಾರು’ ಇದೆ. ಹೀಗೆ ಒಂದೊಂದನ್ನೇ ಗಡಿಪಾರು ಮಾಡುತ್ತಾ ಹೋದರೆ ಬೆತ್ತವು ‘ವೇತ್ರ’ದಿಂದ ಬಂದದ್ದೆಂದು ಹೋಗುತ್ತದೆ, ಮಂಚ ಹೋಗುತ್ತದೆ, ಬೀರು ಹೋಗುತ್ತದೆ, ಅಚ್ಚ ಕನ್ನಡಿಗನೆಂದು ನಾವು ನಂಬಿರುವ ಬಡಗಿಯೂ ‘ವರ್ಧಕಿ’ಯ ತದ್ಭವವೆಂದು ಉಳಿಯನ್ನು ಕೆಳಗಿಟ್ಟು ಎದ್ದು ಹೋಗಬೇಕಾಗುತ್ತದೆ. ಆಮೇಲೆ ಆ ಮಳಿಗೆಯಲ್ಲಿ ಉಳಿಯುವುದು ಮರ ಮತ್ತು ಧೂಳು.

ಈಗ ಕೇಳಿದ ಪ್ರಶ್ನೆಗೆ ಬರುತ್ತೇನೆ. ಚೀಟಿಯ ಮೇಲಿನ ‘ನಡು’ ಎಂಬುದು ಅಪಾಯದ ಪದ. ನಡುಗನ್ನಡ, ಮಧ್ಯಕಾಲ, ಮಧ್ಯಯುಗ ಎಂದು ಓದಿ ರೂಢಿಯಾದ ಕಣ್ಣಿಗೆ ಅದು ವಿಜಯನಗರದ ಕುರ್ಚಿಯಾಗಿ ಕಾಣುತ್ತದೆ. ಇಂಗ್ಲಿಷಿನ ಪದವೂ ಆ ಕುರ್ಚಿ ಮಾಡಿದವರು ಇಟ್ಟುಕೊಂಡ ಹೆಸರಲ್ಲ. 1984ರಲ್ಲಿ ಕಾರಾ ಗ್ರೀನ್‌ಬರ್ಗ್ ಎಂಬ ಲೇಖಕಿ ಐವತ್ತರ ದಶಕದ ಪೀಠೋಪಕರಣಗಳ ಬಗ್ಗೆ ಬರೆದ ಪುಸ್ತಕದ ಶೀರ್ಷಿಕೆಯಾದ ಮೇಲೆ ಅದು ರೂಢಿಗೆ ಬಂತು. ನಡುಗನ್ನಡದಲ್ಲಿ ಬರೆದವರಿಗೂ ತಾವು ನಡುಗನ್ನಡದಲ್ಲಿ ಬರೆಯುತ್ತಿದ್ದೇವೆಂದು ತಿಳಿದಿರಲಿಲ್ಲವಲ್ಲ. ಅರ್ಥಕ್ಕೂ ಕಾಲಕ್ಕೂ ನಿಜವಾಗಿ ಹೊಂದುವ ಕನ್ನಡ ಪದ ‘ನವ್ಯ’. ಅಡಿಗರು ಅಲಂಕಾರವನ್ನು ಕಳಚಿ ಬರೆಯುತ್ತಿದ್ದ ವರ್ಷಗಳಲ್ಲಿಯೇ ಈ ಕುರ್ಚಿಗಳೂ ಕೆತ್ತನೆಯನ್ನು ಕಳಚಿದವು. ಬಲ್ಲವರಿಗಾಗಿ ಪಟ್ಟಿಯೊಂದನ್ನು ಅಚ್ಚು ಹಾಕಿಸುವುದಾದರೆ ‘ನವ್ಯ ಶೈಲಿ’ ಎಂದು ಧೈರ್ಯವಾಗಿ ಬರೆಯಬಹುದು. ಫಲಕಕ್ಕೆ ಮಾತ್ರ ಬೇಡ, ಅದನ್ನು ಮಾಲೀಕರ ಮಗಳ ಹೆಸರೆಂದು ಓದುತ್ತಾರೆ. ಚೀಟಿಗೆ ‘1950–60ರ ದಶಕ’ ಎಂಬ ಅಂಕಿಯೇ ಸಾಕು.

ಕೆಲಸದ ಹೆಸರಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ‘ಜೀರ್ಣೋದ್ಧಾರ’ ಎಂಬುದು ಬಹಳ ಒಳ್ಳೆಯ ಪದ. ಸವೆದದ್ದನ್ನು ಎತ್ತಿ ನಿಲ್ಲಿಸುವುದು ಎಂಬ ಅದರ ಅರ್ಥದಲ್ಲಿ ಹೊಸದು ಮಾಡುವ ಮಾತೇ ಇಲ್ಲ. ಆದರೆ ಬೇಲೂರು, ಹಳೇಬೀಡುಗಳ ಈ ಜಿಲ್ಲೆಯಲ್ಲಿ ಊರೂರಿನ ಸಣ್ಣ ಗುಡಿಗಳಿಗೆ ಆ ಹೆಸರಿನಲ್ಲಿ ಏನಾಗಿದೆಯೆಂದು ನೋಡಿದ್ದೇನೆ: ಹಳೆಯ ಕಲ್ಲಿಗೆ ಎಣ್ಣೆಬಣ್ಣ, ನೆಲಕ್ಕೆ ಟೈಲ್ಸ್, ಗೋಡೆಯ ಮೇಲೆ ದಾನಿಗಳ ಪಟ್ಟಿ. ‘ನವೀಕರಣ’ದಿಂದ ತಮಗಾದ ತೊಂದರೆ ಇದರಿಂದಲೂ ತಪ್ಪುವುದಿಲ್ಲ. ‘ಪುನರುಜ್ಜೀವನ’ ಭಾಷಣದ ಪದ. ಅದನ್ನು ವೇದಿಕೆಯ ಮೇಲಿನ ಕುರ್ಚಿಗಳಿಗೆ ಬಿಡೋಣ.

ನನ್ನ ಮತ ‘ದುರಸ್ತಿ’ಗೆ. ಅದರ ಮೂಲದ ಪಾರಸಿ ‘ದುರುಸ್ತ್’ಗೆ ಸರಿಯಾದದ್ದು, ನೆಟ್ಟಗಿರುವುದು ಎಂದು ಅರ್ಥ. ತೋಟದವರಿಗೆ ಈ ಪದವನ್ನು ಕಲಿಸಬೇಕಾಗಿಯೂ ಇಲ್ಲ, ಏಕೆಂದರೆ ‘ಪೋಡಿ ದುರಸ್ತು’ ಎಂದು ಸರ್ವೆ ಕಚೇರಿಗೆ ಅಲೆಯದ ಹಿಡುವಳಿದಾರರು ನಮ್ಮ ಎರಡು ಜಿಲ್ಲೆಗಳಲ್ಲಿ ಅಪರೂಪ. ಅಲ್ಲಿ ದುರಸ್ತು ಎಂದರೆ ಹೊಸ ಜಮೀನು ಕೊಡುವುದಲ್ಲ; ಇರುವ ಜಮೀನಿಗೆ ದಾಖಲೆಯನ್ನು ಹೊಂದಿಸಿ ನೇರ ಮಾಡುವುದು. ತಮ್ಮ ಕೆಲಸವೂ ಅದೇ ಅಲ್ಲವೇ?

ಸಂಖ್ಯೆ ಅಳಿಸಿದ ಸಂಗತಿಯನ್ನು ಓದಿ ಮನಸ್ಸಿಗೆ ನೋವಾಯಿತು. ಲೆ ಕಾರ್ಬುಸಿಯರ್ ಯೋಜಿಸಿದ ಚಂಡೀಗಢದ ಕಚೇರಿಗಳಿಗಾಗಿ ಅವರ ಸೋದರಸಂಬಂಧಿ ಪಿಯರ್ ಜನ್ನರೆ ತೇಗ ಮತ್ತು ಬೆತ್ತದಲ್ಲಿ ರೂಪಿಸಿದ ಕುರ್ಚಿಗಳು ದಶಕಗಳ ನಂತರ ಗುಜರಿಯ ಬೆಲೆಗೆ ಹೋಗಿ, ವಿದೇಶದ ಹರಾಜುಗಳಲ್ಲಿ ಲಕ್ಷಗಳಿಗೆ ಮಾರಾಟವಾದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯವೇ ಅವುಗಳ ಮಾರಾಟವನ್ನು ತಡೆಯಲು ಆದೇಶ ಹೊರಡಿಸಬೇಕಾಯಿತು. ನಕಲಿಗಳು ತುಂಬಿರುವ ಆ ಮಾರುಕಟ್ಟೆಯಲ್ಲಿ ಕೊಳ್ಳುವವರು ಮೊದಲು ಹುಡುಕುವುದು ಕಚೇರಿಯವರು ಬಣ್ಣದಲ್ಲಿ ಬರೆಸಿದ ಅಂಥ ಸಂಖ್ಯೆಗಳನ್ನೇ. ಪಹಣಿಯಿಲ್ಲದ ಜಮೀನು, ಸಂಖ್ಯೆಯಿಲ್ಲದ ಕುರ್ಚಿ ಎರಡಕ್ಕೂ ಒಂದೇ ಗತಿ.

ಬೆಂಗಳೂರಿನಿಂದ:

ಒಂದು ಸೀಮೆಯವರು ಹೆಣಕ್ಕೆ ಬಳಸಿದರೆಂದು ಪದವೇ ಹೆಣವಾಗುವುದಿಲ್ಲ. ಸತ್ತವರನ್ನು ಓರಣವಾಗಿ ಕಳಿಸಿಕೊಡುವುದಕ್ಕೂ ನಮ್ಮ ಜನ ‘ಒಪ್ಪ’ವನ್ನೇ ಆರಿಸಿಕೊಂಡರು ಎಂಬುದು ಆ ಪದದ ಘನತೆಯನ್ನು ತೋರಿಸುತ್ತದೆ. ಸರ್ವೆ ಕಚೇರಿಯನ್ನು ಭಾಷೆಗೆ ಪ್ರಮಾಣವಾಗಿ ತರುವವರೊಡನೆ ವಾದಿಸಲು ನನಗೆ ಬಿಡುವಿಲ್ಲ. ‘ಖಾತೆ’, ‘ಜಮಾಬಂದಿ’ಗಳನ್ನು ಸೇರಿಸಿ ಇನ್ನು ಮುಂದೆ ಕವಿತೆಯನ್ನೂ ಬರೆಯಿರಿ. ಮೇಜಿನ ಜಕಾರವನ್ನು ಮಾತ್ರ ಒಪ್ಪುತ್ತೇನೆ.

ಚಿಕ್ಕಮಗಳೂರಿನಿಂದ:

ಇಬ್ಬರಿಗೂ ಕೃತಜ್ಞತೆಗಳು. ‘ಒಪ್ಪ’ದ ವಿಷಯವನ್ನು ನನ್ನಲ್ಲಿ ಬೆತ್ತ ಹೆಣೆಯುವ ಹಿರಿಯರಿಗೆ ಹೇಳಿದೆ. ಅವರು ಬಾಯಲ್ಲಿ ಕಚ್ಚಿದ್ದ ಬೆತ್ತದ ಎಳೆಯನ್ನು ತೆಗೆದು, ‘ಬ್ಯಾಡಿ ಸಾರ್, ನಮ್ಮಪ್ಪನ್ನ ಒಪ್ಪ ಮಾಡಿ ಇನ್ನೂ ವರ್ಷ ಆಗಿಲ್ಲ’ ಎಂದರು. ಹಾಗಾದರೆ ನೀವು ಮಾಡುತ್ತಿರುವ ಈ ಕೆಲಸಕ್ಕೆ ಏನೆನ್ನುತ್ತೀರಿ ಎಂದು ಕೇಳಿದ್ದಕ್ಕೆ, ‘ಅದಕ್ಕೇನು ಹೆಸರು, ಸರಿ ಮಾಡೋದು’ ಎಂದು ಎಳೆಯನ್ನು ಮತ್ತೆ ನೀರಿಗೆ ಅದ್ದಿದರು. ಪಾರಸಿಯ ‘ದುರುಸ್ತ್’ ಎಂದರೂ ಅದೇ ಎಂದು ಹಾಸನದವರು ಬರೆದಿರುವುದರಿಂದ ಅವರ ಮತವನ್ನೇ ಹಿಡಿದಿದ್ದೇನೆ.

ಫಲಕದ ಮೇಲೆ ‘ಹಳೆಯ ಕುರ್ಚಿ, ಮೇಜುಗಳ ದುರಸ್ತಿ’ ಎಂದೂ, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಬೆತ್ತದ ಹೆಣಿಗೆ, ಅರಗಿನ ಪಾಲಿಶ್ ಉಂಟು; ಫೋಮ್, ರೆಕ್ಸಿನ್ ಕೆಲಸವಿಲ್ಲ’ ಎಂದೂ ಬರೆಸುತ್ತಿದ್ದೇನೆ. ಚೀಟಿಯ ಮೇಲೆ ದಶಕ, ಮರದ ಹೆಸರು ಮತ್ತು ಕುರ್ಚಿ ಬಂದ ಊರು ಇರುತ್ತವೆ. ‘ನವ್ಯ ಶೈಲಿ’ಯನ್ನು ಪಟ್ಟಿ ಅಚ್ಚಾಗುವ ದಿನಕ್ಕೆ ಎತ್ತಿಟ್ಟುಕೊಂಡಿದ್ದೇನೆ.

ಈ ನಡುವೆ ಡೆನ್ಮಾರ್ಕಿನ ಹಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ, ಬೆನ್ನಿನಲ್ಲಿ ಕವೆಯಾಕಾರದ ಪಟ್ಟಿಯಿರುವ ಕುರ್ಚಿಯೊಂದು ಸಕಲೇಶಪುರದಿಂದ ಬಂದಿದೆ. ಅದರ ಆಸನವನ್ನು ಸುಮಾರು 120 ಮೀಟರ್ ಉದ್ದದ, ಕಾಗದವನ್ನು ಹೊಸೆದು ಮಾಡಿದ ಎಳೆಯಿಂದ ಹೆಣೆಯಬೇಕು. ಇದನ್ನು ‘ಕಾಗದದ ಹುರಿ’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದರೆ ನಿಧಾನವಾಗಿ ತಿಳಿಸಬಹುದು. ಅವಸರವಿರುವುದು ಇನ್ನೊಂದಕ್ಕೆ. ಫಲಕ ಬರೆಯುವವರು ಈಗಷ್ಟೇ ಫೋನ್ ಮಾಡಿ, ‘ದುರಸ್ತಿ’ಯೋ ‘ದುರಸ್ತು’ವೋ ಎಂದು ಕೇಳುತ್ತಿದ್ದಾರೆ. ಇಂದು ಸಂಜೆಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.