ಸಹಾಯ ಬೇಕು: ಇಂಗ್ಲೆಂಡಿನ ಪ್ಯಾರಿಷ್ ಕೌನ್ಸಿಲ್‌ನಲ್ಲಿ ಇದ್ದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಡೆವನ್‌ನ ಒಂದು ಚಿಕ್ಕ ಹಳ್ಳಿಯಲ್ಲಿ. ಇಲ್ಲಿನ ಪ್ಯಾರಿಷ್ ಕೌನ್ಸಿಲ್‌ನಲ್ಲಿ (ಹಳ್ಳಿ ಮಟ್ಟದ ಆಡಳಿತ ಸಮಿತಿ) ಒಂದು ಸೀಟು ಖಾಲಿ ಇದೆ. ಚುನಾವಣೆ ಬೇಕು ಅಂತ ಯಾರೂ ಕೇಳಲಿಲ್ಲ, ಹಾಗಾಗಿ ಕೌನ್ಸಿಲ್‌ನವರೇ ಒಬ್ಬರನ್ನು ಸೇರಿಸಿಕೊಳ್ಳುತ್ತಾರೆ. ಕ್ಲರ್ಕ್ ನನ್ನನ್ನು ಕೇಳಿದ್ದಾರೆ. ಭಾರತದ ಪಾಸ್‌ಪೋರ್ಟ್ ಇದ್ದರೂ ಅಡ್ಡಿಯಿಲ್ಲ. ಕಾಮನ್‌ವೆಲ್ತ್ ದೇಶದವನು, ಐಎಲ್‌ಆರ್ (ಇಲ್ಲಿ ಕಾಯಂ ಆಗಿ ಇರಲು ಅನುಮತಿ) ಇದೆ, 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇದ್ದೇನೆ.

ನಮ್ಮ ಗ್ರಾಮ ಪಂಚಾಯಿತಿ ತರಹ ಅಂದುಕೊಂಡಿದ್ದೆ. ಅಲ್ಲ. ಮನೆ ಕಟ್ಟಲು ಪರ್ಮಿಷನ್ ಕೊಡುವುದು ಡಿಸ್ಟ್ರಿಕ್ಟ್ ಕೌನ್ಸಿಲ್, ರಸ್ತೆ ಗುಂಡಿ ಕೌಂಟಿ ಕೌನ್ಸಿಲ್‌ನವರ ಪಾಲು. ಅವುಗಳ ಬಗ್ಗೆ ಪ್ಯಾರಿಷ್‌ನವರು ಅಭಿಪ್ರಾಯ ಹೇಳಬಹುದು, ಅಷ್ಟೇ. ಹೋದ ತಿಂಗಳು ಅವರ ಮೀಟಿಂಗ್‌ಗೆ ಸುಮ್ನೆ ಹೋಗಿ ಕೂತಿದ್ದೆ. ಹಾಲ್‌ನ ಹೀಟರ್ ಪಕ್ಕ ಐದು ಜನ. ನಾಯಿ ಹೇಸಿಗೆ ಹಾಕುವ ಡಬ್ಬವನ್ನು ಬಸ್ ಸ್ಟಾಪ್ ಹತ್ತಿರ ಇಡಬೇಕಾ, ಚರ್ಚ್ ಗೇಟಿನ ಹತ್ತಿರ ಇಡಬೇಕಾ ಅಂತ ಅರ್ಧ ಗಂಟೆ ಚರ್ಚೆ. ಹುಲ್ಲು ಕತ್ತರಿಸಿದವರ ಬಿಲ್ಲು ಮಾತ್ರ ಎರಡೇ ನಿಮಿಷದಲ್ಲಿ ಪಾಸ್! ನನಗಂತೂ ಇಷ್ಟವಾಯಿತು.

ತಲೆಬಿಸಿ ಇರುವುದು ಸ್ವಂತ ಹಿತಾಸಕ್ತಿಗಳನ್ನು ತಿಳಿಸುವ ಫಾರಂನದ್ದು. ಸೇರಿದ 28 ದಿನದೊಳಗೆ ನನ್ನ ಕೆಲಸ, ಮನೆ ಎಲ್ಲ ಬರೆದುಕೊಡಬೇಕು. ಊರಿನ ಅಡಿಕೆ ತೋಟ ಬೇಕಿಲ್ಲ, ಇಲ್ಲಿನ ಜಮೀನು ಮಾತ್ರ. ಆದರೆ ಹೆಂಡತಿಯ ಕೆಲಸವೂ ಅದರಲ್ಲಿ ಬರುತ್ತದೆ, ವೆಬ್‌ಸೈಟ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಅವಳಿಗೆ ಇದು ಹಿಡಿಸುತ್ತಿಲ್ಲ. ನಿಮ್ಮ ಮನೆಯಲ್ಲಿ ಹೇಗೆ ಒಪ್ಪಿಸಿದಿರಿ?

ಇನ್ನೊಂದು: ಪಕ್ಕದ ಮನೆಯವರು ಹಿಂದೆ ಒಂದು ರೂಮು ಕಟ್ಟಲು ಅರ್ಜಿ ಹಾಕಿದ್ದಾರೆ. ದಿನಾ ಟೀ ಕುಡಿಯುವ ಸ್ನೇಹ. ಆ ವಿಷಯ ಬಂದಾಗ ನಾನು ಎದ್ದು ಹೊರಗೆ ಹೋಗಬೇಕಾ, ಸುಮ್ಮನೆ ಕೂತಿದ್ದರೆ ಸಾಕಾ?

ಮುಂದಿನ ಗುರುವಾರ ಮೀಟಿಂಗ್. ಅಜೆಂಡಾ ಆಗಲೇ ಬೋರ್ಡಿಗೆ ಅಂಟಿಸಿದ್ದಾರೆ. ಅಷ್ಟರೊಳಗೆ ಯಾರಾದರೂ ಹೇಳಿ, ಪ್ಲೀಸ್.