ಗೋಳಗುಮ್ಮಟದ ನಡುವೆ ಒಂದೂ ಕಂಬ ಇಲ್ಲ, ಹೇಗೆ ನಿಂತಿದೆ?

ಗದಗಿನ ಟೀಚರ್:
ಹೋದ ವಾರ ಐದನೇ ಕ್ಲಾಸಿನ ಮಕ್ಕಳನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗಿದ್ದೆ. ಗೋಳಗುಮ್ಮಟದ ಒಳಗೆ ಕಾಲಿಟ್ಟ ತಕ್ಷಣ ಎಲ್ಲರೂ ಕೂಗಲು ಶುರು ಮಾಡಿದರು. ಒಬ್ಬ ಹುಡುಗಿ ಮಾತ್ರ ತಲೆ ಎತ್ತಿ ಸುಮ್ನೆ ನೋಡುತ್ತಾ ನಿಂತಿದ್ದಳು. "ಅಕ್ಕೋರೆ, ನಡುವೆ ಕಂಬಾನೇ ಇಲ್ಲ. ಅದು ಬೀಳಲ್ವಾ?" ಅಂದಳು. ಮುಹಮ್ಮದ್ ಆದಿಲ್ ಶಾಹನ ಗೋರಿ, 1656ರ ಹೊತ್ತಿನದು ಅಂತ ಪಾಠದಲ್ಲಿರುವುದನ್ನೆಲ್ಲ ಹೇಳಿದೆ. ಅವಳು ಕೇಳಿದ್ದು ಅದನ್ನಲ್ಲ. ಮಗುವಿಗೆ ಅರ್ಥ ಆಗುವ ಹಾಗೆ ಯಾರಾದರೂ ತಿಳಿಸಿಕೊಡುತ್ತೀರಾ?

ಗೌಂಡಿ ಕೆಲಸದವನು:
ಅಕ್ಕೋರೆ, ನಿಮ್ಮ ಹುಡುಗಿ ನೋಡಬೇಕಾದ್ದನ್ನೇ ನೋಡಿದ್ದಾಳೆ. ನಾನು 30 ವರ್ಷದಿಂದ ಗೌಂಡಿ ಕೆಲಸ ಮಾಡುತ್ತಿದ್ದೇನೆ. ವಿಜಯಪುರಕ್ಕೆ ಹೋದಾಗಲೆಲ್ಲ ಆ ಮೂಲೆಗಳನ್ನು ನೋಡಲೆಂದೇ ಒಳಗೆ ಹೋಗುತ್ತೇನೆ. ಗುಟ್ಟೆಲ್ಲ ಅಲ್ಲೇ ಇದೆ.

ಕೆಳಗಿನ ಕೋಣೆ ಚೌಕ, ಒಂದೊಂದು ಬದಿ ಸುಮಾರು 135 ಅಡಿ. ಮೇಲೆ ಕೂರಬೇಕಾದ ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡನೆಯದನ್ನು ಕೂರಿಸಿದರೆ ಮೂಲೆಗಳಲ್ಲಿ ಆಸರೆ ಸಿಗುವುದಿಲ್ಲ. ಅದಕ್ಕೇ ಎಂಟು ದೊಡ್ಡ ಕಮಾನು ಎಬ್ಬಿಸಿ ಒಂದಕ್ಕೊಂದು ಹೆಣೆದಿದ್ದಾರೆ. ಮಕ್ಕಳಿಗೆ ಎರಡು ಚೌಕದ ಕರ್ಚೀಫ್ ಕೊಡಿ. ಒಂದನ್ನು ನೆಲಕ್ಕೆ ಹಾಸಿ, ಇನ್ನೊಂದನ್ನು ಅದರ ಮೇಲೆ ಓರೆಯಾಗಿ ತಿರುಗಿಸಿ ಹಾಸಲಿ. ಎರಡೂ ಬಟ್ಟೆ ಸೇರಿದ ನಡುವಿನ ಜಾಗಕ್ಕೆ ಎಂಟು ಬದಿ ಬರುತ್ತದೆ, ಹೆಚ್ಚುಕಡಿಮೆ ದುಂಡಗೇ ಕಾಣುತ್ತದೆ. ಗುಮ್ಮಟಕ್ಕೆ ಕೂರಲು ಜಾಗ ಸಿಕ್ಕಿದ್ದು ಹಾಗೆ.

ಇನ್ನು ಬೀಳುವ ವಿಷಯ. ಬಿದಿರಿನ ಬುಟ್ಟಿ ಬೋರಲು ಹಾಕಿ ಮೇಲಿಂದ ಒತ್ತಿ. ಅಂಚು ಹೊರಗೆ ಸರಿಯುತ್ತದೆ ಅಲ್ವಾ? ಗುಮ್ಮಟವೂ ಹೀಗೇ ಹೊರಕ್ಕೆ ತಳ್ಳುತ್ತದೆ. ಆದರೆ ಕಮಾನುಗಳ ನಡುವಿನ ಕಟ್ಟಡ ಒಳಕ್ಕೆ ಚಾಚಿಕೊಂಡಿದೆ. ಅದರ ತೂಕ ಒಳಕ್ಕೆ ಎಳೆಯುತ್ತದೆ. ಆ ತಳ್ಳಾಟವನ್ನು ಈ ಎಳೆತ ಹಿಡಿದು ನಿಲ್ಲಿಸಿದೆ.

ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಒಳಗಿನ ಅಗಲವೇ ಸುಮಾರು 124 ಅಡಿ! ನಾವು 12 ಅಡಿ ಕೋಣೆಗೆ ಸ್ಲ್ಯಾಬ್ ಹಾಕಲು ಎಷ್ಟು ಕಬ್ಬಿಣ ಕಟ್ಟುತ್ತೇವೆ. ದಾಭೋಳದ ಯಾಕೂತ್ ಇದರ ಶಿಲ್ಪಿ ಅನ್ನುತ್ತಾರೆ. ಅಲ್ಲಿ ನಿಂತಾಗ ಅವನಿಗೂ ಅವನ ಗೌಂಡಿಗಳಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ.

ವಿಜಯಪುರದ ಹುಡುಗ:
ಅಣ್ಣಾರು ಹೇಳಿದ್ದು ಮೇಲೆ ಹತ್ತಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮೂಲೆಯ ಗೋಪುರಕ್ಕೆ ಏಳು ಅಂತಸ್ತು, ಮೆಟ್ಟಿಲು ಕಡಿದು, ಮಕ್ಕಳ ಕೈ ಹಿಡಿದುಕೊಳ್ಳಿ. ಪಿಸುಮಾತು ಕೇಳಿಸುವ ಗ್ಯಾಲರಿ ಇದೆಯಲ್ಲ, ಸುಮಾರು 11 ಅಡಿ ಅಗಲದ್ದು, ಅದು ಇರುವುದು ಆ ಕಮಾನುಗಳು ಒಳಕ್ಕೆ ಚಾಚಿದ ಜಾಗದ ಮೇಲೇ. ಬೆಳಿಗ್ಗೆ ಬೇಗ ಹೋಗಿ. ಗದ್ದಲ ಶುರುವಾದ ಮೇಲೆ ಪಿಸುಮಾತು ಕೇಳುವುದಿಲ್ಲ.

ಗದಗಿನ ಟೀಚರ್:
ತುಂಬಾ ಥ್ಯಾಂಕ್ಸ್. ಇವತ್ತು ಕರ್ಚೀಫ್, ಬುಟ್ಟಿ ಎರಡೂ ಮಾಡಿಸಿದೆ. ಈಗ ಅವಳ ಹೊಸ ಪ್ರಶ್ನೆ: ಕಮಾನು ಕಟ್ಟುವಾಗ, ಅರ್ಧ ಆಗಿದ್ದಾಗ ಅದನ್ನು ಯಾರು ಹಿಡಿದುಕೊಂಡಿದ್ದರು?

ಗೌಂಡಿ ಕೆಲಸದವನು:
ಭಲೇ! ಕಮಾನು ಯಾವುದೇ ಆಗಲಿ, ಅರ್ಧದಲ್ಲಿ ಅದಕ್ಕೆ ಶಕ್ತಿ ಇರುವುದಿಲ್ಲ. ಸಾಮಾನ್ಯವಾಗಿ ಅಡಿಯಲ್ಲಿ ಮರದ ಆಸರೆ ಕೊಡುತ್ತೇವೆ. ಎರಡೂ ಕಡೆಯಿಂದ ಕಲ್ಲು ಏರಿಸುತ್ತಾ ಬಂದು ಕೊನೆಗೆ ನೆತ್ತಿಯ ಕಲ್ಲು ಕೂರಿಸುತ್ತೇವೆ. ಗಾರೆ ಗಟ್ಟಿಯಾಗುವವರೆಗೆ ಕಾದು, ಆಮೇಲೆ ಮರ ತೆಗೆಯುತ್ತೇವೆ. ಅವಳನ್ನು ಒಂದು ದಿನ ಕೆಲಸದ ಜಾಗಕ್ಕೆ ಕರೆದುಕೊಂಡು ಬನ್ನಿ ಅಕ್ಕೋರೆ. ನಾಲ್ಕು ಅಡಿಯ ಸಣ್ಣ ಕಮಾನು ಒಂದನ್ನು ಅವಳ ಕೈಯಿಂದಲೇ ಕಟ್ಟಿಸುತ್ತೇನೆ.