ಈರುಳ್ಳಿ ಚಿತ್ರಕ್ಕೆ ಮಕ್ಕಳು ‘ಉ’ ಒತ್ತುತ್ತಾರೆ, ಆಟ ತಪ್ಪು ಅನ್ನುತ್ತದೆ

ತೊಗರಿಕಣಜ, ಕಲಬುರಗಿ
ನಮಸ್ಕಾರ್ರೀ. ಅಂಗಡಿ ಲೆಕ್ಕದ ಸಾಫ್ಟ್‌ವೇರ್ ಬರೆಯೋದು ನನ್ನ ಹೊಟ್ಟೆಪಾಡು. ನಮ್ಮಕ್ಕ ಆಳಂದ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ನಲಿಕಲಿ (ಆಡುತ್ತಾ ಕಲಿಯುವ ಪದ್ಧತಿ) ಟೀಚರ್. ಅವಳ ಒಂದನೇ ತರಗತಿಗೆ ರಾತ್ರಿ ಕೂತು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅಕ್ಷರದ ಆಟ ಮಾಡಿದ್ದೇನೆ. ಚಿತ್ರ ನೋಡಿ ಮೊದಲ ಅಕ್ಷರ ಒತ್ತಬೇಕು. ಆಮೇಲೆ ಬಿಡಿ ಅಕ್ಷರ ಜೋಡಿಸಿ ಪದ ಮಾಡಬೇಕು. ಸರಿಹೋದರೆ ಜಿಪಿಎಲ್ ಲೈಸೆನ್ಸ್ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು ಅನ್ನುವ ಪರವಾನಗಿ) ಹಾಕಿ ಎಲ್ಲರಿಗೂ ಬಿಟ್ಟುಕೊಡ್ತೇನೆ.

ಶನಿವಾರ ಲ್ಯಾಪ್‌ಟಾಪ್ ಹೊತ್ತು ಶಾಲೆಗೆ ಹೋದೆ. ಈರುಳ್ಳಿ ಚಿತ್ರ ಬಂತು. ಒಬ್ಬಳು ‘ಉ’ ಒತ್ತಿದಳು. ಕೆಂಪು ಗುರುತು. ಮತ್ತೆ ‘ಉ’, ಮತ್ತೆ ಕೆಂಪು. ನನ್ನ ಕಡೆ ತಿರುಗಿ, “ಸರ್, ಇದು ಉಳ್ಳಾಗಡ್ಡಿ ಅದರೀ” ಅಂದಳು. ನಮ್ಮ ಮನೆಯಲ್ಲೂ ಅದು ಉಳ್ಳಾಗಡ್ಡಿನೇ! ಪದಪಟ್ಟಿ ಬರೆಯುವಾಗ ನನ್ನ ಕೈಗೆ ಈರುಳ್ಳಿ ಎಲ್ಲಿಂದ ಬಂತೋ.

ಇನ್ನೊಂದು ತಲೆನೋವು. ‘ಅಮ್ಮ’ ಬಿಡಿಸಿದರೆ ಮೂರು ತುಂಡಲ್ಲ, ನಾಲ್ಕು ತುಂಡು ಬರುತ್ತಿದೆ. ಅದರಲ್ಲೊಂದು ಚುಕ್ಕಿ ಚುಕ್ಕಿ ವೃತ್ತದ ಮೇಲೆ ಕೂತ ಬರೀ ಹಲಂತ (‘ಮ್’ನಲ್ಲಿ ಸ್ವರ ಇಲ್ಲ ಅಂತ ತೋರಿಸುವ ಗುರುತು). ಹುಡುಗರು ಹುಳ ಹುಳ ಅಂತ ನಕ್ಕರು. ಏನು ಮಾಡಲಿ?

ಸುರಪುರದ ಕೋಡಿಗ, ಯಾದಗಿರಿ
ಪದ ಬಿಡಿಸೋಕೆ ನೀವು ಸುಮ್ನೆ ಪೈಥಾನಿನ ಲಿಸ್ಟ್ ಫಂಕ್ಷನ್ ಹಾಕಿರಬೇಕು, ಅಲ್ವಾ? ಅದು ಯೂನಿಕೋಡ್ ಸಂಕೇತ (ಕಂಪ್ಯೂಟರಲ್ಲಿ ಪ್ರತಿ ಗುರುತಿಗೆ ಇರುವ ಸಂಖ್ಯೆ) ಎಣಿಸುತ್ತೆ, ಅಕ್ಷರ ಅಲ್ಲ. ನಿಜ ಹೇಳಬೇಕಂದ್ರೆ ನಿಮಗೆ ಮೂರೂ ಬೇಡ, ‘ಅ’, ‘ಮ್ಮ’ ಎರಡೇ ಸಾಕು. ‘ರೆಜೆಕ್ಸ್’ ಲೈಬ್ರರಿ (ಸಿದ್ಧ ಕೋಡ್ ಕಂತೆ) ಬೇರೆಯಾಗಿ ಇನ್‌ಸ್ಟಾಲ್ ಮಾಡಿ, ಪೈಥಾನ್ ಜೊತೆಗೇ ಬರುವ ಲೈಬ್ರರಿಯಿಂದ ಇದು ಆಗಲ್ಲ. ಅದು ಕಾ, ಕಿ, ಕೂ ಒಡೆಯದೆ ಕೊಡುತ್ತೆ. ಒತ್ತಕ್ಷರಕ್ಕೆ ಮಾತ್ರ ಪೂರ್ತಿ ನಂಬಬೇಡಿ. ತುಂಡಿನ ಕೊನೆಗೆ ಹಲಂತ (ಯು+0ಸಿಸಿಡಿ) ಇದ್ದರೆ ಮುಂದಿನ ತುಂಡಿಗೆ ನೀವೇ ಅಂಟಿಸಿ. ‘ಬಸ್’ ತರಹ ಪದದ ಕೊನೆಗೇ ಹಲಂತ ಬಂದರೆ ಹಾಗೇ ಬಿಡಿ.

ದನಿ ಸೇರಿಸುವ ಯೋಚನೆ ಇದ್ದರೆ ಜಿಕಾಂಪ್ರಿ ಒಮ್ಮೆ ಬಿಚ್ಚಿ ನೋಡಿ. 2000ರಲ್ಲಿ ಶುರುವಾದ ಮಕ್ಕಳ ಸಾಫ್ಟ್‌ವೇರ್, ಈಗ ಕೆಡಿಇ ಅನ್ನೋ ಮುಕ್ತ ಸಾಫ್ಟ್‌ವೇರ್ ಬಳಗದ್ದು. ಅದರಲ್ಲಿ ಪ್ರತಿ ಅಕ್ಷರದ ದನಿ ಫೈಲ್‌ಗೆ ಆ ಅಕ್ಷರದ ಯೂನಿಕೋಡ್ ಸಂಖ್ಯೆಯೇ ಹೆಸರು. ‘ಅ’ ಅಂದರೆ ಯು0ಸಿ85. ಕೋಡ್ ಮುಟ್ಟದೆ ದನಿ ಬದಲಾಯಿಸಬಹುದು.

ಔರಾದ್ ಅಕ್ಕೋರು, ಬೀದರ್
ತಮ್ಮಾ, ನಿನ್ನ ಆಟ ಅ ಆ ಇ ಈ ಅಂತ ಶುರು ಆಗುತ್ತಾ? ನಲಿಕಲಿಯಲ್ಲಿ ಮೊದಲು ರ ಗ ಸ ದ ಅ. ಅಕ್ಕನನ್ನು ಕೇಳಲಿಲ್ಲವಾ? ಆ ಐದರಲ್ಲೇ ಸರ, ಅರಸ, ಅಗಸ, ಗರಗಸ ಎಲ್ಲ ಆಗುತ್ತೆ. ಕಾಗುಣಿತ ಇಲ್ಲ, ಒತ್ತೂ ಇಲ್ಲ. ನಿನ್ನ ಹುಳ ಬರೋಕೆ ಇನ್ನೂ ಬಹಳ ದಿನ ಇದೆ.

ನಮ್ಮ ಕಡೆ ಮರಾಠಿ ಮನೆಮಾತಿನ ಮಕ್ಕಳು ಜಾಸ್ತಿ. ಅವರಿಗೆ ನಿನ್ನ ಈರುಳ್ಳಿಯೂ ಅಲ್ಲ, ಉಳ್ಳಾಗಡ್ಡಿಯೂ ಅಲ್ಲ, ಕಾಂದಾ. ಪದಪಟ್ಟಿ ಕೋಡ್ ಒಳಗೆ ಬಚ್ಚಿಡಬೇಡ. ನೋಟ್‌ಪ್ಯಾಡಲ್ಲಿ ತೆರೆಯುವ ಹಾಗೆ ಹೊರಗಿಡು, ನಾವೇ ತಿದ್ದಿಕೊಳ್ತೇವೆ. ಆ ಕೆಂಪು ಗುರುತೂ ತೆಗಿ. ಆರು ವರ್ಷದ ಕೂಸಿಗೆ ಯಾಕಪ್ಪಾ ಅದು?

ತೊಗರಿಕಣಜ, ಕಲಬುರಗಿ
ಅಕ್ಕೋರೇ, ಕೇಳಿರಲಿಲ್ಲ. ಅವಳ ಕಡೆಯಿಂದಲೂ ಬೈಸಿಕೊಂಡೆ. ಈಗ ಪಟ್ಟಿ ಬೇರೆ ಫೈಲ್, ಒಂದು ಚಿತ್ರಕ್ಕೆ ಎಷ್ಟು ಹೆಸರು ಬೇಕಾದರೂ ಹಾಕಬಹುದು. ಕೆಂಪು ಹೋಯಿತು. ಹಲಂತ ಅಂಟಿಸಿದೆ, ‘ಅಮ್ಮ’ ಎರಡೇ ತುಂಡಾಯಿತು.

ದನಿ ಅಕ್ಕನದೇ. ಫ್ಯಾನ್ ಆರಿಸಿ, ಬಾಗಿಲು ಹಾಕಿ ರೆಕಾರ್ಡ್ ಮಾಡಿದೆವು. ಆದರೂ ‘ಗರಗಸ’ ಅನ್ನುವಾಗ ಹಿತ್ತಲಲ್ಲಿ ಆಡು ಒದರಿದೆ. ಅಳಿಸಲು ಹೋದರೆ ಮಕ್ಕಳು ಬಿಡುತ್ತಿಲ್ಲ, ಅದನ್ನೇ ಮತ್ತೆ ಮತ್ತೆ ಒತ್ತುತ್ತಾರಂತೆ.